ಬಾರದಾನದ ತೂಕ

ಜುಲೈ 9, ಬುಧವಾರ

ನಿನ್ನೆ ಬೆಳಗಾವಿಗೆ ಹೋಗಿ ಬಂದೆವು. ಇಂಚರಾಳ ಹೃದಯದ ತೂತು ತಾನಾಗಿ ಮುಚ್ಚಿಲ್ಲ, ಇನ್ನು ಮುಚ್ಚುವುದೂ ಇಲ್ಲವಂತೆ. ತೊಡೆಯ ನರದೊಳಗಿಂದ ಸಣ್ಣ ಮುಚ್ಚಳವೊಂದನ್ನು ಕಳಿಸಿ ಕೂರಿಸುತ್ತಾರೆ, ಎದೆ ಸೀಳುವುದಿಲ್ಲ. ಆದರೆ ಅದಕ್ಕೆ ಹುಡುಗಿ ಹದಿನಾಲ್ಕು ಕೆ.ಜಿ. ತೂಗಬೇಕು. ನಾಲ್ಕು ವರ್ಷ ತುಂಬಿದ ನನ್ನ ಮಗಳು ಇರುವುದು ಹನ್ನೆರಡು ಕೆ.ಜಿ. ನೂರು ಗ್ರಾಂ. ನವೆಂಬರ್ ಐದಕ್ಕೆ ಮತ್ತೆ ಕರೆದಿದ್ದಾರೆ. ಅಷ್ಟರಲ್ಲಿ ತೂಕ ಬರದಿದ್ದರೆ ಎದೆ ತೆರೆಯುವ ಆಪರೇಷನ್ನೇ ಗತಿ. "ಚಲೋ ಊಟ ಕೊಡ್ರಿ" ಎಂದರು ಡಾಕ್ಟರು. ಇಷ್ಟು ದಿನ ನಾನು ಮಣ್ಣು ತಿನ್ನಿಸುತ್ತಿದ್ದೆನೇನೋ.

ಆಸ್ಪತ್ರೆಯ ತೂಕದ ಯಂತ್ರ ಕಂಡರೆ ಅವಳಿಗೆ ಜೀವ ಹೋಗುತ್ತದೆ. ನಿನ್ನೆ ಇಬ್ಬರು ನರ್ಸುಗಳು ಹಿಡಿದುಕೊಂಡರು, ಅತ್ತು ಅತ್ತು ತುಟಿ ಬಿಳಿಚಿತು. ಅದಕ್ಕೆ ಇವತ್ತು ನನ್ನ ಗಂಡ ಕಾಶಿನಾಥ ಉಪಾಯ ಹೇಳಿದರು. ಮೂಡಲಗಿಯ ನಮ್ಮ ಕಾಳಿನ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇದೆಯಲ್ಲ, ಅದರ ಮೇಲೆ ನಾನು ಅವಳನ್ನು ಎತ್ತಿಕೊಂಡು ನಿಲ್ಲಬೇಕು. ಇಬ್ಬರ ತೂಕ ಅರವತ್ತಾರು ಕೆ.ಜಿ. ನೂರು ಗ್ರಾಂ ಬಂತು. ನಿನ್ನೆಯ ಅವಳ ತೂಕ ಕಳೆದರೆ ನಾನು ಐವತ್ನಾಲ್ಕು.

"ನೀ ಬಾರದಾನ, ಆಕಿ ಮಾಲು" ಎಂದು ನಕ್ಕು ಕಂಬದ ಮೇಲೆ ಚಾಕ್‌ನಿಂದ 54 ಎಂದು ಬರೆದರು.

ಬಾರದಾನ ಅಂದರೆ ಖಾಲಿ ಗೋಣಿಚೀಲ. ಅಂಗಡಿಯಲ್ಲಿ ಪ್ರತಿ ಚೀಲವನ್ನೂ ಸುರಿದು ತೂಗುತ್ತ ಕೂರುವುದಿಲ್ಲ. ಹಂಗಾಮಿನ ಮೊದಲಿಗೆ ಒಂದು ಖಾಲಿ ಚೀಲ ತೂಗಿ, ಆಮೇಲೆ ಬಂದ ತುಂಬಿದ ಚೀಲಕ್ಕೆಲ್ಲ ಅಷ್ಟೇ ವಜಾ ಮಾಡುತ್ತ ಹೋಗುತ್ತಾರೆ. ನನಗೂ ಅದೇ ಲೆಕ್ಕ. ಪ್ರತಿ ಮಂಗಳವಾರ ತೂಕ. ಮೂವತ್ತು ವರ್ಷದಿಂದ ಕಾಟಾ ನೋಡುವ ಕಾಸೀಮಸಾಬ ಕಾಕಾ ಹೇಳಿದ್ದನ್ನು ನಾನು ವಹಿಯಲ್ಲಿ ಬರೆದುಕೊಳ್ಳುವುದು.

ಏರಬೇಕಾದದ್ದು ಎರಡು ಕೆ.ಜಿ. ಅಷ್ಟೇ. ಧಾರವಾಡದಲ್ಲಿ ಮೂರು ವರ್ಷ ಆಹಾರ ಮತ್ತು ಪೋಷಣೆ ಓದಿದ್ದೇನೆ. ಇಷ್ಟಾದರೂ ಉಪಯೋಗವಾಗಲಿ.


ಜುಲೈ 15, ಮಂಗಳವಾರ

ತೂಕ ಅಷ್ಟೇ ಇದೆ. ಅವಳಿಗೆ ಅಗಿಯುವಾಗ ದಮ್ಮು ಬರುತ್ತದೆ. ರೊಟ್ಟಿಯ ನಾಲ್ಕನೆಯ ತುತ್ತಿಗೆ ಬಾಯಿ ತೆರೆದು ಕೂತುಬಿಡುತ್ತಾಳೆ. ಕಳೆದ ತಿಂಗಳು ಗೋಕಾಕದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕಾದು ಕಾದು ಹೊತ್ತಾಗಿ, ಬಸ್‌ಸ್ಟ್ಯಾಂಡ್ ಎದುರಿನ ಚೈನೀಸ್ ಹೋಟೆಲಿನಲ್ಲಿ ನೂಡಲ್ಸ್ ಕೊಡಿಸಿದ್ದೆವು. ಅಗಿಯುವ ಕೆಲಸವಿಲ್ಲ, ಜಾರಿ ಹೋಗುತ್ತದೆ. ಅರ್ಧ ತಟ್ಟೆ ತಿಂದಳು. ಬಾಜೂ ಅಂಗಡಿಯ ಸ್ಯಾಂಡವಿಚ್ಚೂ ಮೆತ್ತಗೆ, ಅದನ್ನೂ ತಿಂದಳು. ಅಂದಿನಿಂದ ಮನೆಯ ಅನ್ನ ಕಂಡರೆ ಮುಖ ತಿರುಗಿಸುತ್ತಾಳೆ.

ಸರಿ, ತಿನ್ನುವುದೇ ಅವೆರಡಾದರೆ ಯಾವುದು ಮೇಲು ಎಂದು ಲೆಕ್ಕ ಹಾಕೋಣ ಎಂದುಕೊಂಡೆ. ಕಾಶಿನಾಥ ಗೋಕಾಕಕ್ಕೆ ಹೋದವರು ಎರಡನ್ನೂ ಕಟ್ಟಿಸಿ ತಂದರು. ಅಂಗಡಿಯ ಸ್ಯಾಂಪಲ್ ತೂಗುವ ಚಿಕ್ಕ ಕಾಟಾ ಮನೆಗೆ ತಂದು ಒಂದೊಂದನ್ನೇ ಬಿಡಿಸಿ ತೂಗಿದೆ. ವಹಿಯ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಸ್ಯಾಂಡವಿಚ್: ಬ್ರೆಡ್ಡು, ಚೀಜ್ ಒಂದು ಹಾಳೆ, ಬೆಣ್ಣೆ, ಬಟಾಟಿ, ಸೌತೆಕಾಯಿ. ಅಂದಾಜು 340 ಕ್ಯಾಲರಿ, ಪ್ರೋಟೀನು 11 ಗ್ರಾಂ, ಉಪ್ಪು ಒಂದೂವರೆ ಗ್ರಾಂ. ಬಲಕ್ಕೆ ಒಂದು ತಟ್ಟೆ ನೂಡಲ್ಸ್: 480 ಕ್ಯಾಲರಿ, ಪ್ರೋಟೀನು 10, ಉಪ್ಪು ನಾಲ್ಕರ ಹತ್ತಿರ. ಜೊತೆಗೆ ತಂದಿದ್ದ ಗೋಬಿ ಮಂಚೂರಿಯನ್ನನ್ನು ಪೇಪರಿನ ಮೇಲೆ ಒತ್ತಿದರೆ ಎಣ್ಣೆಯಲ್ಲಿ ಅಕ್ಷರಗಳೆಲ್ಲ ಆಚೆ ಬದಿಗೆ ಕಂಡವು. ಕ್ಯಾಲರಿ ಬೇಕೆಂದರೆ ಚೈನೀಸ್. ಉಪ್ಪು ಬೇಡವೆಂದರೆ ಸ್ಯಾಂಡವಿಚ್. ಹೃದಯದ ಮಗುವಿಗೆ ಉಪ್ಪು ಬೇಡ, ತೂಕ ಬೇಕು.

ಅತ್ತೆ ಚನ್ನವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಏ ನೇತ್ರಾ, ಆ ಬ್ರೆಡ್ಡಿನ ನಡಕ ಏನ ಹುಡುಕಾಕತ್ತಿ? ಕಳುವಿನ ಮಾಲ ಹುಡುಕಿದಂಗ?"

"ಪ್ರೋಟೀನ್ ಎಷ್ಟೈತಿ ನೋಡಾಕತ್ತೇನ್ರಿ ಅತ್ತಿ."

"ಸಿಕ್ಕಿತೇನು?"

"ಹನ್ನೊಂದು ಗ್ರಾಂ."

"ಹನ್ನೊಂದ ಗ್ರಾಂ ಹುಡುಕೂದ್ರಾಗ ಅದು ಆರಿ ಹೋತು. ಇನ್ನ ಅದನ್ನ ಯಾರ ತಿಂತಾರ?"

ಯಾರೂ ತಿನ್ನಲಿಲ್ಲ. ಇಂಚರಾ ನಿದ್ದೆ ಹೋಗಿದ್ದಳು. ಎಲ್ಲವನ್ನೂ ಎಮ್ಮೆಯ ಕಲಗಚ್ಚಿಗೆ ಸುರಿದೆ.


ಜುಲೈ 29, ಮಂಗಳವಾರ, ಪಂಚಮಿ

ಮನೆ ತುಂಬ ಉಂಡಿ. ಶೇಂಗಾದ್ದು, ಎಳ್ಳಿನದು, ತಂಬಿಟ್ಟಿನದು. ಅತ್ತೆ ಮೂರು ದಿನದಿಂದ ಕಟ್ಟುತ್ತಿದ್ದಾರೆ. "ಒಂದ ಉಂಡಿ ಹಾಲಾಗ ಕಲಿಸಿ ಕುಡಿಸಿದ್ರ ನಿನ್ನ ನೂಡಲ್ಸಿನ ಅಪ್ಪ" ಎಂದರು. ಶೇಂಗಾ ಉಂಡಿಯ ಲೆಕ್ಕ ಹಾಕಿದೆ, ಖರೆ ಹೇಳಬೇಕೆಂದರೆ ಎರಡು ಕಾಲಮಿಗಿಂತ ಮೇಲಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಓಣಿಯೆಲ್ಲ ಹೇಳಿಕೊಂಡು ಬರುತ್ತಾರೆ. ಅಲ್ಲದೆ ಶೇಂಗಾ ತುಣುಕು ಗಂಟಲಿಗೆ ಸಿಕ್ಕಿದರೆ? ನಾನು ಕೊಡಲಿಲ್ಲ.

ಶ್ರಾವಣ ಸೋಮವಾರ ಅತ್ತೆ ಮೊಮ್ಮಗಳ ಹೆಸರಿನಲ್ಲಿ ಒಪ್ಪತ್ತು ಹಿಡಿದಿದ್ದಾರೆ. ಅಜ್ಜಿ ಒಂದು ಹೊತ್ತು ಉಪವಾಸವಿದ್ದರೆ ಮೊಮ್ಮಗಳ ತೂಕ ಏರುವುದು ಯಾವ ಶಾಸ್ತ್ರದಲ್ಲಿದೆಯೋ. ನಗು ಬಂತು. ತಿನ್ನುವವರು ತಿನ್ನದೆ ತಿನ್ನಬೇಕಾದವರ ಹೊಟ್ಟೆ ತುಂಬುತ್ತದೆಯೇ?

ನನಗೆ ಇವತ್ತು ಊಟಕ್ಕೆ ಹೊತ್ತು ಸಿಗಲಿಲ್ಲ. ಚಹಾ ಕುಡಿದೆ. ಹಸಿವೂ ಇಲ್ಲ.


ಆಗಸ್ಟ್ 14, ಗುರುವಾರ

ಮೊನ್ನೆ ಮಂಗಳವಾರ ಹನ್ನೊಂದು ಕೆ.ಜಿ. ಒಂಬೈನೂರು. ಇಳಿದಿದೆ.

ನೂಡಲ್ಸ್ ತರಿಸಿ, ಬಿಸಿನೀರಿನಲ್ಲಿ ಎರಡು ಸಲ ತೊಳೆದು ಉಪ್ಪು ಎಣ್ಣೆ ತೆಗೆದು, ಮೇಲೆ ತುಪ್ಪ ಹಾಕಿ ಕೊಟ್ಟೆ. ಒಂದು ಎಳೆ ಬಾಯಿಗಿಟ್ಟು "ಅಮ್ಮಾ, ಇದು ಸತ್ತೈತಿ" ಎಂದಳು. ಸ್ಯಾಂಡವಿಚ್ಚಿನ ಚೀಜ್ ಕಿತ್ತು ಬಿಸಾಡಿ ಬರೀ ಬ್ರೆಡ್ಡು ತಿಂದಳು. ಎಡ ಕಾಲಮಿನ ಹನ್ನೊಂದು ಗ್ರಾಂ ಪ್ರೋಟೀನಿನಲ್ಲಿ ಐದು ಗ್ರಾಂ ನೆಲದ ಮೇಲೆ ಬಿದ್ದಿತ್ತು. ಎತ್ತಿ ತೂಗಿದೆ.

ನಿದ್ದೆ ಎರಡು ತಾಸು. ಅವಳ ಉಸಿರು ಎಣಿಸುವುದು ಚಟವಾಗಿದೆ.


ಆಗಸ್ಟ್ 29, ಶುಕ್ರವಾರ

ಇವತ್ತು ಒಂದು ಕೆಲಸ ಮಾಡಿದೆ.

ಬೆಳಗಾವಿ ಡಾಕ್ಟರು ದಿನಾ ಒಂದು ತತ್ತಿ ಎಂದು ಬರೆದುಕೊಟ್ಟಿದ್ದರು. ಅತ್ತೆಗೆ ಅದನ್ನು ಓದಿ ಹೇಳಿಲ್ಲ. ಅಂಗನವಾಡಿಯಲ್ಲಿ ತತ್ತಿಯೋ ಬಾಳೆಹಣ್ಣೋ ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ "ನಾವ ಲಿಂಗವಂತರ್ರಿ, ಹಣ್ಣ ಬರ್ಕೋರಿ" ಎಂದಿದ್ದರು. ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಹೇಳಿದ್ದರು. ಅದರ ಮುಂದೆ ಪ್ರೋಟೀನಿನ ಮಾತು ಹೇಗೆ ಎತ್ತುವುದು?

ಇವತ್ತು ಇಂಚರಾಳನ್ನು ಗೋಕಾಕದ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ; ಅಲ್ಲೂ ಯಂತ್ರ ಕಂಡು ಅತ್ತಳು, ತೂಗಲಾಗಲಿಲ್ಲ. ವಾಪಸು ಬರುವಾಗ ಚೈನೀಸ್ ಹೋಟೆಲಿನಲ್ಲಿ ಎಗ್ ಫ್ರೈಡ್ ರೈಸ್ ಹೇಳಿದೆ. ಹಳದಿ ಚೂರುಗಳನ್ನು ಆರಿಸಿ ಆರಿಸಿ ತಿಂದಳು. ಮೊದಲ ಬಾರಿಗೆ "ಇನ್ನಷ್ಟ ಹಾಕು" ಎಂದಳು. ಬಲ ಕಾಲಮಿಗೆ ಹೊಸ ಸಾಲು: 560 ಕ್ಯಾಲರಿ, ಪ್ರೋಟೀನು 15. ಸ್ಯಾಂಡವಿಚ್ ಸೋತಿತು. ಒಂದು ಪಾರ್ಸಲ್ ಮನೆಗೂ ತಂದೆ. ಚೀಲದಲ್ಲಿ ಕೆಳಗಿಟ್ಟು ಮೇಲೆ ಕರದಂಟಿನ ಡಬ್ಬಿ ಇಟ್ಟೆ. ಅತ್ತೆ ಕರದಂಟು ನೋಡಿ ಖುಷಿಯಾದರು.

ಇನ್ನು ವಾರಕ್ಕೆರಡು ಸಲ ತರಿಸುತ್ತೇನೆ. ಕಾಶಿನಾಥರಿಗೆ ಹೇಳಿದೆ. "ಅವ್ವಗ ಗೊತ್ತಾದ್ರ?" ಎಂದರು. "ನೀವ ಹೇಳಬ್ಯಾಡ್ರಿ" ಎಂದೆ. ಗಂಡಸರ ಧೈರ್ಯವೆಲ್ಲ ಇಷ್ಟೇ.


ಸೆಪ್ಟೆಂಬರ್ 9, ಮಂಗಳವಾರ

ಹನ್ನೊಂದು ನಾನೂರು.

ತತ್ತಿ ತಿಂದೂ ಇಳಿಯುತ್ತಿದೆ. ಕಾಟಾ ಕೆಟ್ಟಿರಬೇಕು ಎಂದೆ. ಕಾಶಿನಾಥ ಇಪ್ಪತ್ತು ಕೆ.ಜಿ.ಯ ಕಬ್ಬಿಣದ ಗುಂಡು ಇಟ್ಟು ತೋರಿಸಿದರು. ಇಪ್ಪತ್ತೇ ಬಂತು. ಸರಕಾರದ ಮುದ್ರೆ ಇರುವ ಕಾಟಾ, ತಮ್ಮ ಅಪ್ಪನ ಕಾಲದಿಂದ ಒಂದು ಗ್ರಾಂ ಸುಳ್ಳು ಹೇಳಿಲ್ಲ ಎಂದು ಅವರಿಗೆ ಅಭಿಮಾನ. ಆದರೆ ಮಗಳನ್ನು ಎತ್ತಿಕೊಂಡು, "ಕೈಗೆ ಮೊದಲಿಗಿಂತ ಭಾರ ಹತ್ತತಾಳಲ್ಲ ನೇತ್ರಾ" ಎಂದರು. ದಿನವೆಲ್ಲ ಕಾಟಾ ನಂಬಿ ವ್ಯಾಪಾರ ಮಾಡುವವರು ಮಗಳ ವಿಷಯ ಬಂದರೆ ಕೈ ನಂಬುತ್ತಾರೆ.

ಅತ್ತೆಯದೂ ಅದೇ ಹಾಡು. "ಟೊಂಕದ ಮ್ಯಾಲ ಕುಂಡ್ರಿಸ್ಕೊಂಡ್ರ ಮೊದಲಿನಂಗ ಇಲ್ಲ. ನನ್ನ ಟೊಂಕಕ್ಕ ಗೊತ್ತಾಗತೈತಿ." ಒಪ್ಪತ್ತು ಫಲಿಸಿತು ಎಂದು ಹೇಳಿಸಿಕೊಳ್ಳುವ ಆಸೆ, ಇನ್ನೇನು.

ಕಾಟಾದಿಂದ ಇಳಿಯುವಾಗ ಕೈಯಿಂದ ಎರಡು ಬಳೆ ಜಾರಿ ಬಿದ್ದು ಒಡೆದವು. ಈಗಿನ ಬಳೆಗಳು ಅಳತೆಗೆ ಸರಿಯಾಗಿ ಬರುವುದಿಲ್ಲ. ಕಾಸೀಮಸಾಬ ಕಾಕಾ ಚೂರು ಆರಿಸಿ ಕೊಡುತ್ತ ಮೆಲ್ಲಗೆ ಹೇಳಿದ:

"ಅಕ್ಕಾರ, ಹಂಗಾಮ ಬದಲಾತಂದ್ರ ಬಾರದಾನ ಮತ್ತೊಮ್ಮೆ ತೂಗತೇವ್ರಿ ನಾವು. ಮಳಿಗಾಲದ ಚೀಲದ ತೂಕ ಬ್ಯಾಸಗಿಗೆ ಇರೂದಿಲ್ಲ."

"ನಾ ಏನ ಗೋಣಿಚೀಲೇನ ಕಾಕಾ?"

"ಹಂಗಲ್ರಿ ಅಕ್ಕಾರ…"

"ನಿಮ್ಮ ಕೆಲಸ ನೋಡ್ಕೋರಿ."

ಮುಖ ಸಣ್ಣದು ಮಾಡಿಕೊಂಡು ಹೋದ. ಮಗಳು ಕರಗುತ್ತಿರುವಾಗ ನನ್ನನ್ನು ಚೀಲಕ್ಕೆ ಹೋಲಿಸುವ ಹೊತ್ತೇ ಇದು? ಗಂಡ ಹಾಸ್ಯ ಮಾಡಿದರೆ ಆಳುಗಳೂ ಮಾಡುತ್ತಾರೆ.


ಸೆಪ್ಟೆಂಬರ್ 23, ಮಂಗಳವಾರ

ಹನ್ನೊಂದು ಇನ್ನೂರು.

ಬೆಳಿಗ್ಗೆ ತೂಗಿ ಅವಳನ್ನು ಮನೆಗೆ ಬಿಟ್ಟಿದ್ದೆ. ಮಧ್ಯಾಹ್ನ ಮತ್ತೆ ಹೊರಗಿಂದ ಬಂದಾಗ ಅತ್ತೆ ಪಡಸಾಲೆಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನುಚ್ಚು ಮಜ್ಜಿಗೆ ಉಣ್ಣಿಸುತ್ತಿದ್ದರು. ಬಟ್ಟಲು ಖಾಲಿಯಾಗುತ್ತ ಬಂದಿತ್ತು. ನನ್ನ ಕೈಯಲ್ಲಿ ಫ್ರೈಡ್ ರೈಸಿನ ಪಾರ್ಸಲ್. ಅದನ್ನು ಬಿಚ್ಚಿದರೆ ಅವಳು "ಹೊಟ್ಟಿ ತುಂಬೈತಿ" ಎಂದಳು. ಆಗ ಎಲ್ಲ ಅರ್ಥವಾಯಿತು. ನಾನು ಲೆಕ್ಕ ಹಾಕಿ ತರುವುದು, ಇವರು ಒಂದು ಗಂಟೆ ಮೊದಲು ನೀರು ಮಜ್ಜಿಗೆಯಿಂದ ಹೊಟ್ಟೆ ತುಂಬಿಸಿಡುವುದು. ಅದಕ್ಕೇ ಇಳಿಯುತ್ತಿದೆ.

"ದಿನಾ ಉಣ್ಣಸ್ತೀರೇನ್ರಿ ಹಿಂಗ?"

"ಉಣ್ಣಸ್ತೇನಿ. ಹಸದ ಕೂಸಿಗೆ ಉಣ್ಣಸಬಾರದೇನು?"

"ನುಚ್ಚಿನ್ಯಾಗ ಏನೈತ್ರಿ? ನೀರ ಐತಿ. ನೀವ ಹೊಟ್ಟಿ ತುಂಬ್ಸಿ ತುಂಬ್ಸಿ ಆಕಿನ್ನ ಕೊಲ್ಲಾಕತ್ತೀರಿ!"

ಹೇಳಿಬಿಟ್ಟೆ. ಅತ್ತೆ ಮೊಮ್ಮಗಳ ಬಾಯಿ ಒರೆಸಿದರು. ಕೆಳಗಿಳಿಸಿದರು. ನಂತರ ನನ್ನ ಕೈಯ ಪಾರ್ಸಲ್ ಕಡೆ ಗದ್ದ ಎತ್ತಿ ತೋರಿಸಿದರು.

"ಹುಡುಗಿ ಉಣ್ಣೂದು ಹೊಟ್ಟಿಗೆ, ನಿನ್ನ ವಹಿಗೆ ಅಲ್ಲ. ಆ ಅನ್ನದಾಗ ತತ್ತಿ ಐತಿ. ಮೊದಲನೇ ದಿನಾನ ನನಗ ವಾಸನಿ ಬಂದಿತ್ತು. ನಲವತ್ತ ವರ್ಷದಾಗ ಈ ಮನಿಯೊಳಗ ಬರದಿದ್ದು ಬಂತು. ಸುಮ್ಮನ ಕುಂತೆ. ಯಾಕ? ಕೂಸ ಉಳೀಲಿ ಅಂತ. ನಾ ಕೊಲ್ಲಾಕಿ, ಹೌದಿಲ್ಲೋ?"

ಗೊತ್ತಿದ್ದೂ ಸುಮ್ಮನಿದ್ದು ಈಗ ತೆಗೆದು ಮುಖಕ್ಕೆ ಎಸೆಯುವುದು ಎಂಥ ದೊಡ್ಡತನ?

ಸಂಜೆಯ ಬಸ್ಸಿಗೆ ಅತ್ತೆ ತುಕ್ಕಾನಟ್ಟಿಗೆ ಹೋದರು, ತಮ್ಮನ ಮನೆಗೆ. ಎರಡು ಸೀರೆ ಅಷ್ಟೇ ಒಯ್ದರು. ಕಾಶಿನಾಥ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಒಬ್ಬರೇ ವಾಪಸು ಬಂದರು. ನನ್ನ ಜೊತೆ ಮಾತಾಡಿಲ್ಲ.


ಸೆಪ್ಟೆಂಬರ್ 27, ಶನಿವಾರ

ಮನೆ ಶಾಂತವಾಗಿದೆ. ಈಗ ಎಲ್ಲ ನನ್ನ ಕೈಯಲ್ಲಿದೆ.

ಬೆಳಿಗ್ಗೆ ಸ್ಯಾಂಡವಿಚ್, ಮನೆಯಲ್ಲೇ. ಪನೀರು ತುರಿದು ಹಾಕಿ 14 ಗ್ರಾಂ ಪ್ರೋಟೀನು ಮಾಡಿದ್ದೇನೆ. ಮಧ್ಯಾಹ್ನ ಎಗ್ ರೈಸ್, ಅದೂ ಮನೆಯಲ್ಲೇ. ಹೊಸ ಬಾಣಲೆ ತಂದೆ. ಹೆದರುವುದಕ್ಕೆ ಯಾರಿದ್ದಾರೆ? ಸಂಜೆ ನೂಡಲ್ಸ್, ಸೋಯಾ ಸಾಸ್ ಇಲ್ಲದೆ. ರೊಟ್ಟಿ ಬಡಿಯುವುದು, ನೀರು ತುಂಬುವುದು, ಎಮ್ಮೆಯ ಕೆಲಸ ಎಲ್ಲ ನನ್ನ ಮೇಲೆ ಬಿದ್ದಿದೆ. ಬೀಳಲಿ.

ಇಂಚರಾ ತಟ್ಟೆಯ ಮುಂದೆ ಕೂತು, "ಅಮ್ಮ ಯಾವಾಗ ಬರತಾಳ?" ಎಂದಳು. ಅಜ್ಜಿಯನ್ನೂ ಅವಳು ಅಮ್ಮ ಎಂದೇ ಕರೆಯುವುದು. ನಾನೂ ಅಮ್ಮನೇ. ಒಂದು ಕ್ಷಣ ನನ್ನನ್ನೇ ಕೇಳುತ್ತಿದ್ದಾಳೆ ಅನ್ನಿಸಿತು.


ಅಕ್ಟೋಬರ್ 7, ಮಂಗಳವಾರ

ಹತ್ತು ಎಂಟುನೂರು.

ಬಾಯಿ ಮುಚ್ಚಿದ್ದಕ್ಕೆ ಕೆನ್ನೆಗೆ ಹೊಡೆದೆ. ಬಾಯಿ ತೆರೆದಳು. ಹದಿನಾಲ್ಕು ಗ್ರಾಂ ಒಳಗೆ ಹೋಯಿತು.


ಅಕ್ಟೋಬರ್ 24, ಶುಕ್ರವಾರ

ದೀಪಾವಳಿಗೆ ಹುಕ್ಕೇರಿಗೆ, ತವರಿಗೆ ಬಂದಿದ್ದೇನೆ. ಅವ್ವ ಬಾಗಿಲಲ್ಲೇ ನಿಂತು ಬಾಯಿ ಮೇಲೆ ಕೈ ಇಟ್ಟಳು. "ಏನ ಅವತಾರ ಮಾಡ್ಕೊಂಡಿಯವ್ವಾ! ಕನ್ನಡಿ ನೋಡ್ಕೊಂಡಿಯೇನು?" ನನ್ನ ವಿಷಯ ಮಾತಾಡಲು ಬಂದಿಲ್ಲ ಎಂದೆ. ಕಾಲುಂಗುರ ಕಳೆದುಹೋಗಿದ್ದು ಅವಳೇ ನೋಡಿದಳು. ಎಲ್ಲಿ ಬಿತ್ತೋ ಗೊತ್ತಿಲ್ಲ. ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬಂತು, ಬಸ್ಸಿನ ದಣಿವು.

ಭಯವಾಗಿರುವುದು ಬೇರೆ ಕಾರಣಕ್ಕೆ. ಕಳೆದ ವರ್ಷದ ಹಬ್ಬಕ್ಕೆ ಹೊಲಿಸಿದ ಹಸಿರು ಫ್ರಾಕು ಇಂಚರಾಳ ಕಂಕುಳಲ್ಲಿ ಬಿಗಿಯುತ್ತಿದೆ. ಗುಂಡಿ ಹಾಕಲು ಆಗಲಿಲ್ಲ. ಅವ್ವ "ಕೂಸ ಚಲೋ ತುಂಬ್ಯಾಳ" ಎಂದು ದೃಷ್ಟಿ ತೆಗೆದಳು. ಅವಳಿಗೇನು ಗೊತ್ತು. ಕಾಟಾದಲ್ಲಿ ತೂಕ ಇಳಿಯುತ್ತಿದೆ, ಮೈ ಮಾತ್ರ ತುಂಬುತ್ತಿದೆ. ಅಂದರೆ ಬಾವು. ಹೃದಯ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದೆ, ಓದಿದ್ದೇನೆ. ಕಾಲ ಮೇಲೆ ಬೆರಳು ಒತ್ತಿ ಒತ್ತಿ ನೋಡಿದೆ. ಗುಳಿ ಬೀಳಲಿಲ್ಲ. ಬಿದ್ದಂತೆಯೂ ಅನ್ನಿಸಿತು. ಅವಳು ಅಳತೊಡಗಿದಳು.

ಚೈನೀಸ್ ಹೋಟೆಲಿನ ಉಪ್ಪು. ವಾರಕ್ಕೆರಡು ಸಲ ತಿನ್ನಿಸಿದ್ದರ ಫಲ. ಬಲ ಕಾಲಮ್ ಪೂರ್ತಿ ಹೊಡೆದು ಹಾಕಿದೆ. ಪೆನ್ನಿನ ಮೊನೆಗೆ ಹಾಳೆ ಹರಿಯಿತು.


ನವೆಂಬರ್ 4, ಮಂಗಳವಾರ

ಹತ್ತು ಕೆ.ಜಿ. ನೂರು ಗ್ರಾಂ. ನಾಲ್ಕು ತಿಂಗಳಲ್ಲಿ ಎರಡು ಕೆ.ಜಿ. ಏರಬೇಕಿತ್ತು, ಎರಡು ಇಳಿದಿದೆ. ಕಾಸೀಮಸಾಬ ಕಾಕಾ ಇವತ್ತು ಅಂಕಿಯನ್ನು ಜೋರಾಗಿ ಹೇಳಲಿಲ್ಲ, ಬಗ್ಗಿ ನೋಡಿ ಪಕ್ಕಕ್ಕೆ ಸರಿದ.

ನಾಳೆ ಬೆಳಗಾವಿ. ಎದೆ ತೆರೆಯುತ್ತಾರೆ. ಇಷ್ಟು ಸಣ್ಣ ಎದೆ.


ನವೆಂಬರ್ 5, ಬುಧವಾರ

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನರ್ಸು ಇಂಚರಾಳ ಅಂಗೈಗೆ ಗಿಳಿಯ ಚಿತ್ರ ಅಂಟಿಸಿ, "ಗಿಳಿ ಎಷ್ಟ ಭಾರ ಐತಿ ನೋಡೂಣೇನು?" ಎಂದಳು. ಹುಡುಗಿ ತಾನೇ ಹೋಗಿ ತೂಕದ ಯಂತ್ರದ ಮೇಲೆ ನಿಂತಳು. ಯಾರೂ ಹಿಡಿಯಲಿಲ್ಲ, ಅಳಲಿಲ್ಲ.

ಹದಿನಾಲ್ಕು ಕೆ.ಜಿ. ಮುನ್ನೂರು ಗ್ರಾಂ.

"ನಿಮ್ಮ ಮಷೀನ್ ಕೆಟ್ಟೈತಿ" ಎಂದೆ.

"ಇಲ್ರಿ ಅಕ್ಕಾ, ಈಗ ಹತ್ತ ಮಂದಿನ್ನ ತೂಗೇನಿ."

"ಕೆಟ್ಟೈತಿ. ನಿನ್ನೆ ಹತ್ತ ಕೇಜಿ ಇದ್ಲು. ಒಂದ ದಿನದಾಗ ನಾಕ ಕೇಜಿ ಆಗತಾಳೇನು? ಬ್ಯಾರೆ ಮಷೀನ್ ತರ್ರಿ!"

ಕೂಗುತ್ತಿದ್ದೆನಂತೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರಂತೆ. ಬಾಜೂ ಕೋಣೆಯಿಂದ ಇನ್ನೊಂದು ಯಂತ್ರ ತಂದರು. ಅದರಲ್ಲೂ ಹದಿನಾಲ್ಕು ಮುನ್ನೂರು. ಬಾವು ಬಂದಿದೆ, ನೀರು ತುಂಬಿದೆ ಎಂದೆ. ಒಳಗಿಂದ ಬಂದ ಡಾಕ್ಟರು ಕಾಲು ಒತ್ತಿ ನೋಡಿ, ಹೊಟ್ಟೆ ಮುಟ್ಟಿ ನೋಡಿ, "ನೀರು ಎಲ್ಲೀದ್ರಿ, ಚಲೋ ತುಂಬ್ಯಾಳ" ಎಂದರು. ಮನೆಯಲ್ಲಿ ಹೇಗೆ ತೂಗಿದಿರಿ ಎಂದು ಕೇಳಿದರು. ಕಾಶಿನಾಥ ಬಾರದಾನದ ಲೆಕ್ಕ ಹೇಳಿದರು. ಅರ್ಧ ಹೇಳಿದವರು ನಿಲ್ಲಿಸಿ ನನ್ನ ಕಡೆ ನೋಡಿದರು.

"ಅಕ್ಕಾ, ನೀವೊಮ್ಮೆ ನಿಲ್ರಿ" ಎಂದಳು ನರ್ಸು.

ನಲವತ್ತೊಂಬತ್ತು ಕೆ.ಜಿ. ಎಂಟುನೂರು ಗ್ರಾಂ.

ಐವತ್ನಾಲ್ಕು ಅಲ್ಲ. ಕಂಬದ ಮೇಲೆ ಇನ್ನೂ ಇದೆ ಆ ಐವತ್ನಾಲ್ಕು. ಮಗಳು ಏರುತ್ತಿದ್ದಳು, ನಾನು ಅವಳಿಗಿಂತ ಬೇಗ ಇಳಿಯುತ್ತಿದ್ದೆ. ಇಬ್ಬರನ್ನೂ ಕೂಡಿಸಿ ತೂಗಿ, ನನ್ನ ಇಳಿತವನ್ನೆಲ್ಲ ಅವಳ ಹೆಸರಿಗೆ ಬರೆದೆ. ಖಾಲಿ ಚೀಲವನ್ನು ಮತ್ತೊಮ್ಮೆ ತೂಗು ಎಂದು ಹೇಳಿದವನೊಬ್ಬನಿದ್ದ. ನಿಮ್ಮ ಕೆಲಸ ನೋಡ್ಕೋರಿ ಎಂದೆ.

ಮುಚ್ಚಳ ಹಾಕುವುದು ಇದೇ ತಿಂಗಳ ಹದಿನಾಲ್ಕನೇ ತಾರೀಖಿಗೆ ನಿಶ್ಚಯವಾಯಿತು. ನನ್ನ ರಕ್ತವನ್ನೂ ತೆಗೆದುಕೊಂಡರು. ಊಟ ಮಾಡ್ತೀರಾ ಎಂದು ಡಾಕ್ಟರು ಕೇಳಿದರು. ಏನು ಊಟ ಮಾಡುತ್ತೇನೆ ಎಂದು ನೆನಪಿಗೆ ಬರಲಿಲ್ಲ. ನಾಲ್ಕು ತಿಂಗಳ ವಹಿಯಲ್ಲಿ ನನ್ನ ಒಂದು ತುತ್ತೂ ಇಲ್ಲ.

ಕಾಶಿನಾಥ ಹೊರಗೆ ಬಂದು ತುಕ್ಕಾನಟ್ಟಿಗೆ ಫೋನು ಹಚ್ಚಿದರು. ಅತ್ತೆಯ ದನಿ ನನಗೂ ಕೇಳುತ್ತಿತ್ತು.

"ಎಷ್ಟ ಆದ್ಲು?"

"ಹದಿನಾಕ ಮೂರನೂರ, ಅವ್ವಾ."

"ನನ್ನ ಟೊಂಕಕ್ಕ ಗೊತ್ತಿತ್ತು."

ಕಾಶಿನಾಥ ಫೋನನ್ನು ನನ್ನ ಕಡೆ ಚಾಚಿದರು. "ಅತ್ತೀ" ಎಂದೆ. ಆ ಕಡೆ ಯಾರೋ ಪಾತ್ರೆ ಇಟ್ಟ ಸದ್ದು. ನಂತರ, "ಒಲಿ ಮ್ಯಾಲ ಹಾಲ ಐತಿ. ಫೋನ ಇಡತೇನಿ" ಎಂದರು. ಇಟ್ಟರು.


ನವೆಂಬರ್ 7, ಶುಕ್ರವಾರ

ಬೆಳಿಗ್ಗೆಯಿಂದ ಹಳೆಯ ಅಂಕಿಗಳನ್ನು ತಿದ್ದಲು ಕೂತಿದ್ದೇನೆ. ಯಾವ ವಾರ ಅವಳು ಎಷ್ಟು ಏರಿದಳು, ಯಾವುದರಿಂದ ಏರಿದಳು. ಸ್ಯಾಂಡವಿಚ್ಚೋ, ನೂಡಲ್ಸೋ, ತತ್ತಿಯೋ, ನಾನು ನೋಡದಾಗ ಅತ್ತೆ ಉಣ್ಣಿಸಿದ ನುಚ್ಚೋ, ಹಾಲಿನಲ್ಲಿ ಕದಡಿದ ಉಂಡಿಯೋ. ಆಗುವುದಿಲ್ಲ. ಪ್ರತಿ ಮಂಗಳವಾರ ಇರುವುದು ಒಂದು ಮೊತ್ತ, ಅದರೊಳಗೆ ಗೊತ್ತಿಲ್ಲದ ಅಂಕಿಗಳು ಎರಡು. ಆರನೇ ಇಯತ್ತೆಯ ಹುಡುಗನೂ ಇದು ಬಿಡಿಸಲು ಬರುವುದಿಲ್ಲ ಎನ್ನುತ್ತಾನೆ. ಎಡವೂ ವ್ಯರ್ಥ, ಬಲವೂ ವ್ಯರ್ಥ.

ಒಂದೇ ಲೆಕ್ಕ ಬಿಡಿಸಲು ಬಂತು. ಅಕ್ಟೋಬರ್ ಏಳರಂದು ಅವಳು ಹತ್ತು ಎಂಟುನೂರು ಇರಲಿಲ್ಲ. ಹದಿಮೂರರ ಮೇಲೆಯೇ ಇದ್ದಿರಬೇಕು. ಹೊಟ್ಟೆ ತುಂಬಿದ ಮಗುವಿನ ಕೆನ್ನೆಗೆ ಹೊಡೆದಿದ್ದೆ.

ಅಂಗಡಿಗೆ ಹೋದೆ. ಕಾಸೀಮಸಾಬ ಕಾಕಾ ಗೋವಿನಜೋಳದ ಚೀಲ ಹೊಲಿಯುತ್ತಿದ್ದ. "ತೂಗ್ರಿ ಕಾಕಾ" ಎಂದು ಒಬ್ಬಳೇ ಕಾಟಾ ಮೇಲೆ ನಿಂತೆ. ಬಗ್ಗಿ ನೋಡಿದ. "ಐವತ್ತಕ್ಕ ಇನ್ನೂರ ಕಮ್ಮಿ ಐತ್ರಿ" ಎಂದ. ತಾನು ಹೇಳಿದ್ದೆ ಎಂದು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಕಂಬದ ಮೇಲಿನ 54ನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ನಾಲ್ಕು ತಿಂಗಳ ಚಾಕ್ ಗುರುತು, ಪೂರ್ತಿ ಹೋಗಲಿಲ್ಲ.

"ಮೊನ್ನೆ ಬಿರಸ ಮಾತಾಡಿದ್ನಿ, ಕಾಕಾ" ಎಂದೆ.

"ಯಾವ ಮೊನ್ನೇರಿ?" ಎಂದು ದಬ್ಬಣಕ್ಕೆ ಹುರಿ ಪೋಣಿಸತೊಡಗಿದ.


ನವೆಂಬರ್ 14, ಶುಕ್ರವಾರ

ಹನ್ನೊಂದು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಒಂದಕ್ಕೆ ಡಾಕ್ಟರು ಹೊರಗೆ ಬಂದು, ಮುಚ್ಚಳ ಸರಿಯಾಗಿ ಕೂತಿದೆ ಎಂದರು. ಎದೆ ತೆರೆಯಲಿಲ್ಲ. ತೊಡೆಯ ಹತ್ತಿರ ಒಂದು ಪಟ್ಟಿ, ಅಷ್ಟೇ. ಕಾಶಿನಾಥ ಗೋಡೆಯ ಕಡೆ ತಿರುಗಿ ನಿಂತು ಅತ್ತರು. ನನಗೆ ಅಳು ಬರಲಿಲ್ಲ.

ಅತ್ತೆ ಬಂದಿದ್ದರು. ತುಕ್ಕಾನಟ್ಟಿಯಿಂದ ಒಬ್ಬರೇ ಎರಡು ಬಸ್ಸು ಬದಲಿಸಿ, ಬುತ್ತಿ ಗಂಟು ಹಿಡಿದು. ಅದೇ ಬೆಂಚಿನ ಆ ತುದಿಯಲ್ಲಿ ಕೂತರು, ಈ ತುದಿಯಲ್ಲಿ ನಾನು. ನಡುವೆ ಗಂಟು. ಕಾಲು ಹಿಡಿಯಬೇಕು ಎಂದುಕೊಂಡು ಬಗ್ಗಿದೆ. ಅವರು ಕಾಲು ಮೇಲೆ ಎಳೆದುಕೊಂಡು ಸೆರಗು ಸರಿಮಾಡಿಕೊಂಡರು. "ನಾ ಹಂಗ ಅನ್ನಬಾರದಿತ್ರಿ" ಎಂದೆ.

ಕಾಶಿನಾಥ ಕ್ಯಾಂಟೀನಿನಿಂದ ಎರಡು ಸ್ಯಾಂಡವಿಚ್ ತಂದರು. ಅತ್ತೆ ಅದನ್ನು ನೋಡಿದರು, ನನ್ನ ಮಣಿಕಟ್ಟು ನೋಡಿದರು. ಗಂಟು ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಮಗನಿಗೆ ಕೊಟ್ಟರು. ಇನ್ನೊಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಮಡಚಿ ಮಗನ ಕೈಗೇ ಕೊಟ್ಟು, "ಆಕಿಗೆ ಕೊಡು" ಎಂದರು.

"ನೀನ ಕೊಡ ಅವ್ವಾ, ಬಾಜೂಕ ಕುಂತಾಳ" ಎಂದರು ಕಾಶಿನಾಥ.

"ಕೊಡು ಅಂದ್ನಿ."

ತೆಗೆದುಕೊಂಡೆ. ಅವರು ಎದುರಿನ ಬಾಗಿಲನ್ನೇ ನೋಡುತ್ತ ಕೂತಿದ್ದರು, ನಾನು ಅಗಿಯುವುದು ನಿಂತರೆ ಮಾತ್ರ ತಲೆ ಚೂರು ಈ ಕಡೆ ತಿರುಗುತ್ತಿತ್ತು. ಪೂರ್ತಿ ತಿಂದೆ. ಎರಡನೆಯದು ಬಂತು, ಮಗನ ಕೈಯಿಂದಲೇ. ಅದನ್ನೂ ತಿಂದೆ.

ಸಂಜೆ ಇಂಚರಾಗೆ ಎಚ್ಚರವಾದಾಗ "ಅಮ್ಮಾ" ಎಂದಳು. ಇಬ್ಬರೂ ಎದ್ದೆವು. ನಾನು ಕೂತೆ.

ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ.